ಇದು ಯಾವ ಕಾಯಿಲೆಗೆ ಒಳ್ಳೆಯದು?

ನಮ್ಮ ಬಡಾವಣೆಯ ಹಣ್ಣಿನಂಗಡಿಯಲ್ಲಿ ಮೊದಲೆಲ್ಲ ರಾಶಿಯ ಮೇಲೆ ಸಿಕ್ಕಿಸಿದ ರಟ್ಟಿನ ಚೂರಿನಲ್ಲಿ ದರ ಮಾತ್ರ ಇರುತ್ತಿತ್ತು. ಈಗೀಗ ದರದ ಮೇಲೆ ಕಾಯಿಲೆಯ ಹೆಸರೂ ಬಂದು ಕೂತಿದೆ. ನೇರಳೆಯ ಮೇಲೆ ‘ಶುಗರ್’, ಡ್ರ್ಯಾಗನ್ ಫ್ರೂಟಿನ ಮೇಲೆ ‘ಪ್ಲೇಟ್‌ಲೆಟ್’, ಬೆಣ್ಣೆಹಣ್ಣಿನ ಮೇಲೆ ‘ಹಾರ್ಟ್’. ಸೀಬೆಗೆ ಮಾತ್ರ ಇನ್ನೂ ಯಾವ ಕಾಯಿಲೆಯೂ ಗಂಟುಬಿದ್ದಿಲ್ಲ. ಹಾಗಾಗಿ ಅದು ಅಗ್ಗದ ದರಕ್ಕೆ ಮೂಲೆಯ ಬುಟ್ಟಿಯಲ್ಲಿದೆ. ನಿಜ ಹೇಳಬೇಕೆಂದರೆ ಆ ಅಂಗಡಿಯಲ್ಲಿ ಬೋರ್ಡು ಹಾಕಿಸಿಕೊಳ್ಳುವ ಯೋಗ್ಯತೆ ಯಾರಿಗಾದರೂ ಇದ್ದರೆ ಅದು ಸೀಬೆಗೇ: 100 ಗ್ರಾಂ ಹಣ್ಣಿನಲ್ಲಿ 200 ಮಿಲಿಗ್ರಾಂಗೂ ಮಿಕ್ಕಿ ‘ಸಿ’ ವಿಟಮಿನ್, ಕಿತ್ತಳೆಯ ನಾಲ್ಕರಷ್ಟು. ಡೆಂಗ್ಯೂ ಶುರುವಾದರೆ ಡ್ರ್ಯಾಗನ್ನಿಗೂ ಕಿವಿ ಹಣ್ಣಿಗೂ ಬೆಲೆ ಏರುತ್ತದೆ. ಡೆಂಗ್ಯೂ ಜ್ವರ ಬಿಟ್ಟು ಒಂದೆರಡು ದಿನ ಕಳೆದ ಮೇಲೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ತಾನಾಗಿಯೇ ಏರತೊಡಗುತ್ತದೆ. ಆ ಹೊತ್ತಿಗೆ ಹಾಸಿಗೆಯ ಪಕ್ಕ ಯಾವ ಹಣ್ಣು ಇತ್ತೋ ಕೀರ್ತಿಯೆಲ್ಲ ಅದಕ್ಕೆ.

ಅಂಗಡಿಯವನ ಮೇಲೆ ನನಗೆ ಸಿಟ್ಟಿಲ್ಲ. ಗಿರಾಕಿ ಕೇಳುವುದೇ ಹಾಗೆ. ಹಣ್ಣನ್ನು ಕೈಯಲ್ಲಿ ಹಿಡಿದು ಮೂಸುವ ಮೊದಲೇ “ಇದು ಯಾವುದಕ್ಕೆ ಒಳ್ಳೇದು?” ಅನ್ನುತ್ತಾರೆ. ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕೊರೆಯುತ್ತಿತ್ತು, ಯಾಕೆ ಅಂತ ಸರಿಯಾಗಿ ಹೊಳೆದಿರಲಿಲ್ಲ. ಹೊಳೆದದ್ದು ಅಣ್ಣನ ಮಗಳು ಒಂದು ಡಬ್ಬಿ ತಂದು ಮೇಜಿನ ಮೇಲಿಟ್ಟಾಗ. ಅವಳು ಸಾಫ್ಟ್‌ವೇರಿನವಳು, ದಿನವಿಡೀ ಕೂತು ಮಾಡುವ ಕೆಲಸ, ತೂಕದ ಚಿಂತೆ. ಜಿಮ್ಮಿನಲ್ಲಿ ಯಾರೋ ಹೇಳಿದರಂತೆ. “ಅತ್ತೆ, ಇದು ಪೂರ್ತಿ ನ್ಯಾಚುರಲ್, ಬರೀ ಹಣ್ಣಿನ ಸಾರ. ತಗೋಬಹುದಲ್ಲ?” ಡಬ್ಬಿಯ ಮೇಲೆ ಗಾರ್ಸೀನಿಯಾ ಕ್ಯಾಂಬೋಜಿಯಾ ಎಂದು ದೊಡ್ಡದಾಗಿ ಅಚ್ಚಾಗಿತ್ತು, ಕೆಳಗೆ ಉಷ್ಣವಲಯದ ಕಾಡುಗಳ ಅಪರೂಪದ ಹಣ್ಣು ಎಂಬ ವರ್ಣನೆ, ಅದರ ಕೆಳಗೆ ಹಳದಿ ಬಣ್ಣದ, ಏಣು ಏಣಾದ, ಅಂಗೈಯಲ್ಲಿ ಕೂರುವಷ್ಟು ಸಣ್ಣ ಕುಂಬಳದಂಥ ಹಣ್ಣಿನ ಚಿತ್ರ.

“ಇದು ಉಪ್ಪಾಗೆ ಮಾರಾಯ್ತಿ,” ಅಂದೆ. “ನಿನ್ನ ಅಪ್ಪ ಇದನ್ನು ಹೆಕ್ಕಿ ಮಾರಿದ ದುಡ್ಡಲ್ಲಿ ಸೈಕಲ್ ಟಯರು ಹಾಕಿಸಿದ್ದಾನೆ.”

ಹೊಗೆಯ ಕೊಟ್ಟಿಗೆ

ಸಿದ್ದಾಪುರ, ಶಿರಸಿ ಕಡೆಯವರಿಗೆ ಉಪ್ಪಾಗೆಯನ್ನು ಪರಿಚಯಿಸಬೇಕಿಲ್ಲ. ಉಳಿದವರು ಮುರುಗಲಿನ ದಾಯಾದಿ ಅಂದುಕೊಳ್ಳಿ. ಪುನರ್ಪುಳಿ, ಕೋಕಂ ಅಂತ ನೀವು ಶರಬತ್ತು ಮಾಡುವ ಆ ಕೆಂಪು ಹಣ್ಣಿನದೇ ಕುಲ. ಆದರೆ ಮುರುಗಲಿಗೆ ಬಿಸಿಲು ಸಿಗುತ್ತದೆ, ಉಪ್ಪಾಗೆಗೆ ಸಿಗುವುದಿಲ್ಲ. ಮುರುಗಲು ಬಹುಪಾಲು ಬೇಸಗೆಯಲ್ಲೇ ಹಣ್ಣಾಗಿ ಮುಗಿದರೆ, ಉಪ್ಪಾಗೆ ಹಣ್ಣಾಗುವುದು ಜೂನ್, ಜುಲೈ, ಆಗಸ್ಟಿನ ಸುರಿಮಳೆಯಲ್ಲಿ. ಹಾಗಾಗಿ ಒಣಗಿಸಲು ಬೆಂಕಿಯೊಂದೇ ದಾರಿ.

ದೊಡ್ಡಪ್ಪನ ಮನೆಯ ಹಿಂದಿನ ಕೊಟ್ಟಿಗೆಯ ಒಂದು ಭಾಗವನ್ನು ಮಳೆಗಾಲದಲ್ಲಿ ಇದಕ್ಕೇ ಬಿಟ್ಟುಕೊಡುತ್ತಿದ್ದರು. ಎದೆಮಟ್ಟದ ಎತ್ತರಕ್ಕೆ ಬಿದಿರಿನ ತಟ್ಟಿ, ಅದರ ಮೇಲೆ ಬಿಡಿಸಿದ ಸಿಪ್ಪೆ, ಕೆಳಗೆ ಹಗಲು ರಾತ್ರಿ ಆರದ ಬೆಂಕಿ. ಕಟ್ಟಿಗೆಯೂ ಅರೆಹಸಿ, ಹಾಗಾಗಿ ಉರಿಗಿಂತ ಹೊಗೆ ಹೆಚ್ಚು. ದೊಡ್ಡಮ್ಮ ಹಣ್ಣಿನ ರಾಶಿಯ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಎರಡೂ ಹೆಬ್ಬೆರಳು ಒತ್ತಿ ಹಣ್ಣನ್ನು ಬಿರಿಯುವಳು, ಬೀಜದ ಗುಂಪನ್ನು ಒಂದು ಬುಟ್ಟಿಗೆ ಒಗೆಯುವಳು, ಸಿಪ್ಪೆಯನ್ನು ಏಣಿನ ಗುಂಟ ಸೀಳಿ ಇನ್ನೊಂದಕ್ಕೆ. ಬೀಜಕ್ಕೆ ಅಂಟಿದ ತಿರುಳು ಹುಳಿಸಿಹಿ. ಮಕ್ಕಳಾದ ನಮಗೆ ಸಿಗುತ್ತಿದ್ದ ಕೂಲಿ ಅದೇ. ನಾಲ್ಕೈದು ಬೀಜ ಚೀಪುವಷ್ಟರಲ್ಲಿ ಹಲ್ಲು ಚಳಿತು ಹೋಗಿ ಆಮೇಲೆ ಅನ್ನ ಅಗಿಯಲೂ ಆಗುತ್ತಿರಲಿಲ್ಲ. ದೊಡ್ಡಮ್ಮನ ಬೆರಳ ಸಂದುಗಳು ಆ ಹುಳಿಗೆ ಬಿರಿದು ಉರಿಯುತ್ತಿದ್ದವು. ರಾತ್ರಿ ಅದಕ್ಕೆ ಅವಳು ಹಚ್ಚಿಕೊಳ್ಳುತ್ತಿದ್ದದ್ದು ಹಿಂದಿನ ವರ್ಷದ ಉಪ್ಪಾಗೆ ತುಪ್ಪವನ್ನೇ. ಬೀಜವನ್ನು ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಮೇಲೆ ತೇಲುವ ಜಿಡ್ಡು ಅದು. ಆರಿದ ಮೇಲೆ ಗಟ್ಟಿ ಉಂಡೆ. ದೋಸೆಗೂ ಹಾಕುತ್ತಿದ್ದರು, ಒಡೆದ ಹಿಮ್ಮಡಿಗೂ ಸವರುತ್ತಿದ್ದರು.

ತಟ್ಟಿಯ ಮೇಲಿನ ಸಿಪ್ಪೆ ಮೊದಲು ಕಂದಾಗಿ, ಆಮೇಲೆ ಕಪ್ಪಾಗಿ, ಕೊನೆಗೆ ಚರ್ಮದಂತೆ ಮುದುಡುತ್ತಿತ್ತು. ನಮ್ಮ ಮನೆಯ ಸಾರಿಗೆ ಹುಳಿಯೆಂದರೆ ಮುರುಗಲು, ವಾಟೆ, ಅಪ್ಪೆಮಿಡಿ. ಉಪ್ಪಾಗೆಯ ಸಿಪ್ಪೆ ಮೀನು ಅಡುಗೆಯ ಮನೆಗಳಿಗೂ ಪೇಟೆಗೂ ಹೋಗುತ್ತಿತ್ತು. ಕೊಡಗಿನಲ್ಲಿ ಇದೇ ಹಣ್ಣನ್ನು ಬುಟ್ಟಿಯಲ್ಲಿ ಕೊಳೆಹಾಕಿ, ಇಳಿದ ರಸವನ್ನು ಡಾಂಬರಿನಷ್ಟು ಕಪ್ಪಾಗುವ ತನಕ ಬತ್ತಿಸಿ ಕಾಚಂಪುಳಿ ಮಾಡುತ್ತಾರೆ. ಪಂದಿ ಕರಿಗೆ ಕೊನೆಯಲ್ಲಿ ಒಂದು ಚಮಚ. ಕೇರಳದಲ್ಲಿ ಕುಡಂಪುಳಿ, ಶ್ರೀಲಂಕಾದಲ್ಲಿ ಗೊರಕ. ಎಲ್ಲ ಕಡೆಯೂ ಒಂದು ಮರ್ಯಾದೆ ಇದೆ. ಮಡಕೆಗೆ ಮೂರೋ ನಾಲ್ಕೋ ಎಸಳು, ಹುಳಿ ಬಿಟ್ಟ ಮೇಲೆ ಎಸಳನ್ನು ತಟ್ಟೆಯ ಅಂಚಿಗೆ ಸರಿಸುವುದು. ಅದನ್ನು ಯಾರೂ ಅಗಿದು ನುಂಗುವುದಿಲ್ಲ.

ಹೀಗೆ ಸಾಗುತ್ತಿದ್ದ ಹಣ್ಣಿಗೆ 90ರ ದಶಕದಲ್ಲಿ ಇದ್ದಕ್ಕಿದ್ದಂತೆ ಬೆಲೆ ಬಂತು. ಯಾಕೆಂದು ಊರಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. “ಅದೆಂತದೋ ಅಮೆರಿಕದಲ್ಲಿ ಬೊಜ್ಜಿಗೆ ಔಷಧ ಮಾಡ್ತ್ರಂತೆ” ಎಂಬಷ್ಟು ಸುದ್ದಿ. ಬೊಜ್ಜೇ ಇಲ್ಲದ ಊರಿನಲ್ಲಿ ಅದು ನಗುವ ವಿಷಯ. ದೊಡ್ಡಪ್ಪನಂತೂ ಗಂಟಲು ಹರಿಯುವಂತೆ ನಕ್ಕಿದ್ದ.

ಮೈಸೂರಿನಿಂದ ಹೊರಟ ಆಮ್ಲ

ಆ ಸುದ್ದಿಯ ಬುಡ ಹುಡುಕುತ್ತಾ ಹೋದರೆ ಅದು ಅಮೆರಿಕದಲ್ಲಲ್ಲ, ಮೈಸೂರಿನಲ್ಲಿ ಸಿಗುತ್ತದೆ. ಚೆಲುವಾಂಬ ಮಹಲಿನಲ್ಲಿರುವ ಸಿಎಫ್‌ಟಿಆರ್‌ಐನಲ್ಲಿ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ, ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಎಂಬ ವಿಜ್ಞಾನಿಗಳು ಈ ಸಿಪ್ಪೆಯ ಹುಳಿ ಯಾವುದೆಂದು ಪರೀಕ್ಷಿಸಿದರು. ಅದುವರೆಗೆ ಅದನ್ನು ಟಾರ್ಟಾರಿಕ್, ಸಿಟ್ರಿಕ್ ಆಮ್ಲಗಳೆಂದೇ ತಿಳಿದಿದ್ದರು, ಅಂದರೆ ಹುಣಸೆಯದ್ದೋ ನಿಂಬೆಯದ್ದೋ ಹುಳಿ. ಅದು ಎರಡೂ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಅವರು 1965ರಲ್ಲಿ ಪ್ರಕಟಿಸಿದರು. ನಮ್ಮ ಕೊಟ್ಟಿಗೆಯ ಹೊಗೆಯಲ್ಲಿ ಬಾಡುತ್ತಿದ್ದ ಹುಳಿಗೆ ಸರಿಯಾದ ಹೆಸರು ಸಿಕ್ಕಿದ್ದು ಹೀಗೆ.

1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದವರು ಇನ್ನೊಂದು ಸಂಗತಿ ಕಂಡುಕೊಂಡರು. ನಾವು ಉಂಡ ಪಿಷ್ಟ ಹೆಚ್ಚಾದಾಗ ದೇಹ ಅದನ್ನು ಕೊಬ್ಬಾಗಿಸುವ ದಾರಿಯಲ್ಲಿ ಒಂದು ಕಿಣ್ವ ಕೆಲಸ ಮಾಡುತ್ತದೆ. ಈ ಆಮ್ಲ ಆ ಕಿಣ್ವವನ್ನು ತಡೆಯುತ್ತದೆ. 70ರ ದಶಕದಲ್ಲಿ ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳು ಕಡಿಮೆ ತಿಂದವು, ಕಡಿಮೆ ದಪ್ಪವಾದವು. ಅಲ್ಲಿಂದ ಮಾತ್ರೆಗೆ ಒಂದೇ ಹೆಜ್ಜೆ. ಆದರೆ ಇಲಿಗೂ ಮನುಷ್ಯನಿಗೂ ಇಲ್ಲೊಂದು ವ್ಯತ್ಯಾಸವಿದೆ. ನಮ್ಮ ಮೈಯ ಕೊಬ್ಬಿನ ಹೆಚ್ಚಿನ ಪಾಲು ಬರುವುದು ತಿಂದ ಜಿಡ್ಡಿನಿಂದಲೇ. ಪಿಷ್ಟದಿಂದ ಹೊಸದಾಗಿ ಕೊಬ್ಬು ತಯಾರಿಸುವ ಕೆಲಸ ನಮ್ಮಲ್ಲಿ ಸಾಮಾನ್ಯವಾಗಿ ಅಷ್ಟು ಜೋರಾಗಿ ನಡೆಯುವುದಿಲ್ಲ. ನಡೆಯದ ಕೆಲಸವನ್ನು ತಡೆದರೆ ಏನು ಸಿಗುತ್ತದೆ?

1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಬಂತು. ತೂಕ ಹೆಚ್ಚಿದ್ದ 135 ಜನ, 12 ವಾರ. ಅರ್ಧ ಜನಕ್ಕೆ ದಿನಕ್ಕೆ 1,500 ಮಿಲಿಗ್ರಾಂ ಈ ಆಮ್ಲ, ಉಳಿದವರಿಗೆ ಅದರಂತೆಯೇ ಕಾಣುವ ಸತ್ವವಿಲ್ಲದ ಮಾತ್ರೆ. ಎರಡೂ ಗುಂಪಿಗೆ ಕಡಿಮೆ ಕ್ಯಾಲೊರಿಯ, ನಾರು ಹೆಚ್ಚಿರುವ ಊಟ. ಉಪ್ಪಾಗೆ ತಿಂದವರು ಸರಾಸರಿ 3.2 ಕಿಲೊ ಇಳಿದರು, ಸುಳ್ಳು ಮಾತ್ರೆ ತಿಂದವರು 4.1 ಕಿಲೊ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಎರಡರ ನಡುವೆ ವ್ಯತ್ಯಾಸವಿಲ್ಲ. ತೂಕ ಇಳಿಸಿದ್ದು ಊಟ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 2012ರ ಹೊತ್ತಿಗೆ ಅಮೆರಿಕದ ಟಿವಿಯಲ್ಲಿ ಪ್ರಸಿದ್ಧ ವೈದ್ಯ ಮೆಹ್ಮೆಟ್ ಆಜ್ ಇದನ್ನು ಹೊಗಳಿ, ಡಬ್ಬಿಗಳು ಮತ್ತೆ ಓಡತೊಡಗಿದವು. 2014ರಲ್ಲಿ ಸೆನೆಟ್ ಸಮಿತಿಯೊಂದು ಅವರನ್ನು ಕೂರಿಸಿಕೊಂಡು ಇಂಥ ಮಾತುಗಳ ಬಗ್ಗೆ ಕೇಳಿದ ಪ್ರಶ್ನೆಗಳು ಆ ಕಾಲದ ಪತ್ರಿಕೆಗಳಲ್ಲೆಲ್ಲ ಬಂದವು. ಅದಕ್ಕಿಂತ ಗಂಭೀರವಾದದ್ದು ಯಕೃತ್ತಿನ ಸಂಗತಿ. ಉಪ್ಪಾಗೆಯ ಸಾರ ಇರುವ ಮಾತ್ರೆ ತಿಂದವರಲ್ಲಿ ಕೆಲವರಿಗೆ ಯಕೃತ್ತು ಊದಿಕೊಂಡು ಕಾಮಾಲೆಯಾದದ್ದು, ವಿರಳವಾಗಿ ಯಕೃತ್ತಿನ ಕಸಿಯವರೆಗೂ ಹೋದದ್ದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ತಿಂದವರಿಗೆಲ್ಲ ಹೀಗಾಗುವುದಿಲ್ಲ. ಯಾರಿಗೆ ಆಗುತ್ತದೆಂದು ಮೊದಲೇ ತಿಳಿಯುವ ಉಪಾಯ ಸಾಮಾನ್ಯ ಗಿರಾಕಿಗೆ ಇಲ್ಲ.

ಇದನ್ನೆಲ್ಲ ಹೇಳಿದರೆ ಅಣ್ಣನ ಮಗಳು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: “ಮತ್ತೆ ಕೇರಳದವರು ದಿನಾ ಮೀನಿಗೆ ಹಾಕ್ತಾರಲ್ಲ ಅತ್ತೆ, ಅವ್ರಿಗೇನೂ ಆಗಲ್ವಾ?”

ನಾಲಿಗೆ ಎಂಬ ಕಾವಲುಗಾರ

ಆಗುವುದಿಲ್ಲ. ಯಾಕೆಂದರೆ ಹುಳಿಯನ್ನು ಅಳೆಯುವುದು ನಾಲಿಗೆ. ಸಾರಿಗೆ ನಾಲ್ಕು ಎಸಳು ಹೆಚ್ಚಾದರೆ ಯಾರೂ ಉಣ್ಣುವುದಿಲ್ಲ, ಹಿಂಡಿಯೊಂದಿಗೆ ಎಮ್ಮೆಗೆ ಹೋಗುತ್ತದೆ. ಬರಿಯ ಸಿಪ್ಪೆಯನ್ನು ಕಚ್ಚಿದರೆ ಕಣ್ಣು ಮುಚ್ಚಿ, ಕಿವಿಯ ಬುಡ ಸೆಳೆಯುತ್ತದೆ. ಹಣ್ಣು ತನ್ನ ಮಿತಿಯನ್ನು ರುಚಿಯಲ್ಲೇ ಬರೆದಿಟ್ಟಿದೆ. ಕ್ಯಾಪ್ಸೂಲಿನ ವಿಶೇಷ ಏನೆಂದರೆ ಅದು ನಾಲಿಗೆಗೆ ತಿಳಿಯದ ಹಾಗೆ ದಾಟಿ ಹೋಗುತ್ತದೆ. ಹುಳಿ ಇಲ್ಲದ ಹುಳಿ, ಊಟದ ಜೊತೆಗಲ್ಲದೆ, ತಿಂಗಳುಗಟ್ಟಲೆ, ದಿನಕ್ಕೆ ಎರಡು ಮೂರು ಸಲ. ನನ್ನ ತಕರಾರೆಲ್ಲ ಇಷ್ಟೇ. ‘ಯಾವ ಕಾಯಿಲೆಗೆ ಒಳ್ಳೆಯದು’ ಎಂದು ಕೇಳಿದ ಕೂಡಲೇ ನಾವು ನಾಲಿಗೆಯನ್ನು ಬದಿಗೆ ಸರಿಸುತ್ತೇವೆ. ಔಷಧಕ್ಕೆ ರುಚಿ ಯಾಕೆ ಬೇಕು? ಹೆಚ್ಚು ತಿಂದರೆ ಹೆಚ್ಚು ಗುಣ, ಅಷ್ಟೇ.

ಇದು ಮಾತ್ರೆಯ ಡಬ್ಬಿಗಷ್ಟೇ ಸೀಮಿತವಾದ ಕಥೆಯೂ ಅಲ್ಲ. ಕರಾವಳಿಯ ಹಿತ್ತಿಲುಗಳಲ್ಲಿ ಕಾಂಡಕ್ಕೇ ಜೋತುಬೀಳುವ ಬಿಂಬುಳಿ ಗೊತ್ತಲ್ಲ, ಉಪ್ಪಿನಕಾಯಿಗೆ, ಚಟ್ನಿಗೆ, ಸಿಗಡಿ ಗಸಿಗೆ ಹಾಕುವುದು. ಕೊಲೆಸ್ಟೆರಾಲಿಗೆ ಒಳ್ಳೆಯದು ಎಂಬ ಮಾತು ಹರಡಿ ಕೇರಳದಲ್ಲಿ ಜನ ಅದರ ರಸ ಹಿಂಡಿ ಲೋಟಗಟ್ಟಲೆ ಕುಡಿದರು. ಹಾಗೆ ಕುಡಿದು ಮೂತ್ರಪಿಂಡ ಕೈಕೊಟ್ಟು ಆಸ್ಪತ್ರೆ ಸೇರಿದ 10 ಜನರ ವಿವರವನ್ನು ಅಲ್ಲಿನ ವೈದ್ಯರು 2013ರಲ್ಲಿ ಪ್ರಕಟಿಸಿದರು. 7 ಜನಕ್ಕೆ ಡಯಾಲಿಸಿಸ್ ಮಾಡಬೇಕಾಯಿತು. ಪುಣ್ಯಕ್ಕೆ ಎಲ್ಲರೂ ಚೇತರಿಸಿಕೊಂಡರು. ಬಿಂಬುಳಿಯಲ್ಲಿ ಆಕ್ಸಲೇಟ್ ವಿಪರೀತ. ರಕ್ತಕ್ಕೆ ಸೇರಿ, ಮೂತ್ರಪಿಂಡದ ನಳಿಕೆಗಳಲ್ಲಿ ಹರಳುಗಟ್ಟುತ್ತದೆ. ಅದರ ಅಣ್ಣ ಧಾರೆಹುಳಿ, ಅದೇ ಐದು ಏಣಿನ ನಕ್ಷತ್ರದ ಹಣ್ಣು, ಇನ್ನೂ ಒಂದು ಹೆಜ್ಜೆ ಮುಂದೆ. ಮೊದಲೇ ಮೂತ್ರಪಿಂಡದ ತೊಂದರೆ ಇದ್ದವರಿಗೆ ಸ್ವಲ್ಪವೇ ಸಾಕು, ಬಿಡದ ಬಿಕ್ಕಳಿಕೆ, ಗಲಿಬಿಲಿ, ಅಪಸ್ಮಾರ. (ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮನೆಯಲ್ಲಿದ್ದರೆ ಈ ಒಂದು ಸಾಲನ್ನು ದಯವಿಟ್ಟು ಮರೆಯಬೇಡಿ, ಉಳಿದದ್ದು ಮರೆತರೂ ಪರವಾಗಿಲ್ಲ.) ಬಿಂಬುಳಿ ಉಪ್ಪಿನಕಾಯಿಯ ಒಂದು ಹೋಳನ್ನು ನಂಜಿಕೊಂಡು ಗಂಜಿ ಉಂಡವರ ಕಥೆ ಆ ಪಟ್ಟಿಯಲ್ಲಿ ಇಲ್ಲ. ಲೋಟದಲ್ಲಿ ಕುಡಿದವರದ್ದೇ.

ಹಾಗಂತ ಹಣ್ಣಿನ ಗುಣವೆಲ್ಲ ಬೊಗಳೆ ಎಂದು ಕೈತೊಳೆದುಕೊಳ್ಳುವ ಜಾತಿ ನನ್ನದಲ್ಲ. ಹಲಸಿನದ್ದು ನೋಡಿ. ಎಳೆಯದೂ ಅಲ್ಲ ಹಣ್ಣೂ ಅಲ್ಲದ ಬಲಿತ ಹಲಸಿನ ಕಾಯಿಯನ್ನು ಒಣಗಿಸಿ ಮಾಡಿದ ಹಿಟ್ಟನ್ನು ಮಧುಮೇಹದ 40 ಜನರ ಮೇಲೆ ಆಂಧ್ರದ ಶ್ರೀಕಾಕುಳಂನಲ್ಲಿ ಪರೀಕ್ಷಿಸಿದರು. ಅರ್ಧ ಜನಕ್ಕೆ ದಿನಕ್ಕೆ 30 ಗ್ರಾಂ ಹಲಸಿನ ಹಿಟ್ಟು, ಉಳಿದವರಿಗೆ ಬೇರೆ ಹಿಟ್ಟು, 12 ವಾರ. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹಲಸಿನ ಹಿಟ್ಟು ತಿಂದವರ ಮೂರು ತಿಂಗಳ ಸಕ್ಕರೆಯ ಸರಾಸರಿ ಸ್ವಲ್ಪ ಇಳಿದಿತ್ತು. ‘ಸ್ವಲ್ಪ’ ಎನ್ನುವುದನ್ನು ಗಮನಿಸಿ, ಪ್ರಯೋಗವೂ ಸಣ್ಣದೇ. ಅದಕ್ಕಿಂತ ಮುಖ್ಯ, ಆ ಹಿಟ್ಟನ್ನು ಅವರು ಅನ್ನ, ಗೋಧಿಯ ಮೇಲೆ ಹೆಚ್ಚುವರಿಯಾಗಿ ಸುರಿಯಲಿಲ್ಲ, ಅಷ್ಟೇ ಅಳತೆಯ ಅನ್ನವನ್ನೋ ಗೋಧಿಯನ್ನೋ ತೆಗೆದು ಆ ಜಾಗಕ್ಕೆ ಹಾಕಿದರು. ಈ ಕೊನೆಯ ವಾಕ್ಯ ವಾಟ್ಸಾಪಿನಲ್ಲಿ ಎಂದೂ ಬರುವುದಿಲ್ಲ. ‘ಹಲಸು ಶುಗರ್‌ಗೆ ಒಳ್ಳೆಯದು’ ಅಂತಷ್ಟೇ ಬರುತ್ತದೆ, ಅದನ್ನು ಓದಿದವರು ಜೂನ್ ತಿಂಗಳಲ್ಲಿ ಜೇನಿನಂಥ ಚಂದ್ರ ಬಕ್ಕೆಯ ತೊಳೆಗಳನ್ನು ಬಿಡಿಸಿ ನಿಶ್ಚಿಂತೆಯಿಂದ ಕೂರುತ್ತಾರೆ.

ಮಾವಿನದ್ದೂ ಹೀಗೇ. 100 ಗ್ರಾಂನಲ್ಲಿ 14 ಗ್ರಾಂ ಆಸುಪಾಸು ಸಕ್ಕರೆ, 60 ಕ್ಯಾಲೊರಿ. ಒಂದು ಹಣ್ಣನ್ನು ಹೆಚ್ಚಿ, ಅಗಿದು, ಗೊರಟು ಚೀಪಿ ತಿನ್ನಲು ಹತ್ತು ನಿಮಿಷ ಬೇಕು, ಎರಡನೆಯದಕ್ಕೆ ಹೊಟ್ಟೆಯೇ ಸಾಕೆನ್ನುತ್ತದೆ. ಮೂರು ಹಣ್ಣನ್ನು ಮಿಕ್ಸಿಗೆ ಹಾಕಿ ಸಕ್ಕರೆ ಬೆರೆಸಿದ ಮಿಲ್ಕ್‌ಶೇಕು ಎರಡು ನಿಮಿಷದಲ್ಲಿ ಒಳಗಿಳಿಯುತ್ತದೆ. ಹಲ್ಲೂ ನಾಲಿಗೆಯೂ ಹೊಟ್ಟೆಯೂ ಸೇರಿ ನಡೆಸುವ ಆ ಕಾವಲನ್ನು ತಪ್ಪಿಸಲು ಕ್ಯಾಪ್ಸೂಲೇ ಬೇಕೆಂದೇನಿಲ್ಲ, ಮಿಕ್ಸಿ ಸಾಕು.

ಕಾಡಿನ ಕಡೆಯ ಲೆಕ್ಕ

ಡಬ್ಬಿ ತಿಂದವರ ಯಕೃತ್ತಿನ ಬಗ್ಗೆ ಇಷ್ಟು ಬರೆದೆ. ಆ ಡಬ್ಬಿಗೆ ಹಣ್ಣು ಕೊಟ್ಟ ಕಾಡಿನ ಕಥೆ ನನಗೆ ಇನ್ನೂ ಹತ್ತಿರದ್ದು. ನಮ್ಮಲ್ಲಿ ಅಡಿಕೆ ತೋಟಕ್ಕೆ ಅಂತ ಸೊಪ್ಪಿನಬೆಟ್ಟ, ಅಂದರೆ ಗೊಬ್ಬರಕ್ಕೆ ಸೊಪ್ಪು ತರುವ ಕಾಡು, ಇರುತ್ತದೆ. ಆ ಬೆಟ್ಟದಲ್ಲಿದ್ದ ಉಪ್ಪಾಗೆ ಆಯಾ ಮನೆಯವರದ್ದು, ಅದನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಹಣ್ಣಾಗಿ ಬಿದ್ದ ಮೇಲೆ ಹೆಕ್ಕಿದರಾಯಿತು. ಸರ್ಕಾರಿ ಕಾಡಿನಲ್ಲಿದ್ದದ್ದು ಯಾರದ್ದೂ ಅಲ್ಲ, ಹಾಗಾಗಿ ಎಲ್ಲರದ್ದು. ಬೆಲೆ ಇಲ್ಲದಾಗ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಬೆಲೆ ಬಂದ ಮೇಲೆ, ನಾನು ಹಣ್ಣಾಗುವ ತನಕ ಕಾದರೆ ನಿನ್ನೆಯೇ ಇನ್ನೊಬ್ಬ ಕೊಯ್ದಿರುತ್ತಾನೆ ಎಂಬ ದಿಗಿಲು ಹುಟ್ಟಿತು. ಹಸಿರು ಕಾಯಿಗೇ ದೋಟಿ ಹಾಕಿದರು, ಎಟುಕದಿದ್ದರೆ ಕೊಂಬೆಗೇ ಕತ್ತಿ ಹಾಕಿದರು. ಕಾಯಿಯ ಸಿಪ್ಪೆಗೆ ತೂಕವೂ ಕಡಿಮೆ, ಬೀಜ ಬಲಿತಿರುವುದಿಲ್ಲವಾದ್ದರಿಂದ ತುಪ್ಪವೂ ಇಲ್ಲ. ಕೊಯ್ದವನಿಗೂ ಲುಕ್ಸಾನು, ಆದರೆ ಬಿಟ್ಟರೆ ಇನ್ನೂ ದೊಡ್ಡ ಲುಕ್ಸಾನು.

ಕಾಡಿಗೆ ಬಿದ್ದ ದೊಡ್ಡ ಪೆಟ್ಟು ಮಾತ್ರ ಹಣ್ಣಿನದ್ದಲ್ಲ, ಕಟ್ಟಿಗೆಯದ್ದು. ಮಳೆಗಾಲದಲ್ಲಿ ಒಣಗಿಸಬೇಕಾದ್ದರಿಂದ ಸಿಪ್ಪೆ ಹೆಚ್ಚಾದಷ್ಟೂ ಒಲೆಗೆ ಮರ ಹೆಚ್ಚು ಬೇಕು. ನಮ್ಮ ಕೊಟ್ಟಿಗೆಯ ಬೆಂಕಿ ಯಾವತ್ತೂ ಆರುತ್ತಿರಲಿಲ್ಲ ಅಂತ ಮೇಲೆ ಬರೆದೆನಲ್ಲ, ಅದನ್ನು ಊರಿಗೂರೇ ಮಾಡಿದರೆ ಏನಾಗುತ್ತದೆ ನೋಡಿ. ಒಂದು ಕಡೆ ಬೊಜ್ಜು ಕರಗಲಿ ಎಂದು ಇನ್ನೊಂದು ಕಡೆ ಗಾಡಿಗಟ್ಟಲೆ ಕಟ್ಟಿಗೆ ಉರಿಯಿತು. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೆ ಮಳೆಗಾಲದಲ್ಲಿ ಉಪ್ಪಾಗೆಯೂ ಒಂದು ಆಹಾರ. 2011ರಲ್ಲಿ ಆ ಭಾಗವನ್ನು ಸಿಂಗಳೀಕ ಸಂರಕ್ಷಿತ ಪ್ರದೇಶವೆಂದು ಘೋಷಿಸಿದಾಗ, ಕಾಡಿನಿಂದ ಜನ ತರುವುದನ್ನೇ ಅವೂ ತಿನ್ನುತ್ತವೆ ಎಂಬ ಮಾತು ಚರ್ಚೆಗೆ ಬಂದಿತ್ತು. ನಮ್ಮೂರಿನವರಿಗೆ ಅದು ಹೊಸ ವಿಷಯವಾಗಿರಲಿಲ್ಲ. ಕಚ್ಚಿ ಬಿಸಾಡಿದ ಉಪ್ಪಾಗೆ ಕಂಡರೆ ಮೇಲೆ ನೋಡಬೇಕು ಅಂತ ನಮಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು.

ಆಮೇಲೆ ಒಂದು ವರ್ಷ ಬೆಲೆ ಬಿತ್ತು. ಏರಿದ್ದು ಯಾಕೆಂದು ಹೇಗೆ ಯಾರೂ ಹೇಳಲಿಲ್ಲವೋ ಬಿದ್ದದ್ದು ಯಾಕೆಂದೂ ಹೇಳಲಿಲ್ಲ. ಮಂಡಿಯವನು “ಹೊರಗಡೆ ಮಾಲು ಕೇಳ್ತಿಲ್ಲ” ಅಂದ, ಅಷ್ಟೇ. ದೊಡ್ಡಪ್ಪನ ಅಟ್ಟದ ಮೇಲೆ ಆ ವರ್ಷದ ಮೂಟೆಗಳು ಮುಂದಿನ ಮಳೆಗಾಲದವರೆಗೂ ಕೂತಿದ್ದವು. ಗೋಣಿಯ ಬುಡದಿಂದ ಕಪ್ಪು ರಸ ಒಸರಿ ಹಲಗೆಗೆ ಇಳಿದಿತ್ತು.

ಅಣ್ಣನ ಮಗಳು ಡಬ್ಬಿಯನ್ನು ಏನು ಮಾಡಿದಳೋ ನಾನು ಕೇಳಲಿಲ್ಲ, ದೊಡ್ಡವಳು, ಓದಿದವಳು. ಯಕೃತ್ತಿನ ಪರೀಕ್ಷೆ ಮಾಡಿಸಿಕೋ ಅಂದಿದ್ದೆ, ಮಾಡಿಸಿಕೊಂಡಳಂತೆ, ಸರಿಯಿದೆಯಂತೆ. ಮೊನ್ನೆ ಊರಿಗೆ ಹೋದಾಗ ದೊಡ್ಡಪ್ಪನ ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು ಬೆಟ್ಟದ ಅಂಚಿನಲ್ಲಿ ಕಸಿ ಉಪ್ಪಾಗೆಯ ಸಾಲು ಹಾಕಿದ್ದಾನೆ. ಬೀಜದ ಗಿಡವಾದರೆ ಕಾಯಿ ಬಿಡಲು ಹತ್ತು ವರ್ಷವಾದರೂ ಬೇಕು, ಅದೂ ಗಂಡು ಗಿಡವಾದರೆ ಕಾದದ್ದೂ ದಂಡ, ಕಸಿಯದ್ದು ಬೇಗ. ಮಾತ್ರೆ ಕಂಪನಿಯನ್ನು ನಂಬಿ ಹಾಕಿದೆಯಾ ಅಂತ ಕೇಳಿದೆ. “ಎಂತ ಮಾತ್ರೆ ಮಾರಾಯ್ತಿ,” ಅಂದ. “ಕೇರಳದ ಸಾಬರು ಬರ್ತ್ರು, ಮೀನಿಗೆ ಹಾಕುವವ್ರು. ಅವ್ರು ಅಪ್ಪನ ಕಾಲದಲ್ಲೂ ಬರ್ತಿದ್ರು, ಬೆಲೆ ಬಿದ್ದ ವರ್ಷನೂ ಬಂದಿದ್ರು. ಹೊಗೆ ವಾಸನೆ ಸರಿಯಾಗಿ ಇರ್ಬೇಕು, ಅಷ್ಟೇ ಅವ್ರ ತಕರಾರು.” ಈ ಸಲ ಮಳೆ ಹಿಡಿಯುವ ಮೊದಲು ಒಲೆ ಒಡೆದು ಕಟ್ಟಿಸಬೇಕಂತೆ, ಕಟ್ಟಿಗೆ ಅರ್ಧ ಸಾಕಾಗುವಂಥದ್ದು. ಕೊಟ್ಟಿಗೆಯ ಗೋಡೆಯ ಉದ್ದವನ್ನು ಹೆಜ್ಜೆಯಲ್ಲಿ ಅಳೆಯುತ್ತಾ, ಜಂಬಿಟ್ಟಿಗೆ ಕಲ್ಲಿನ ದರ ಈಗ ಎಷ್ಟಾಗಿದೆ ಗೊತ್ತಾ ಅಂತ ನನ್ನನ್ನೇ ಕೇಳಿದ.